ಮೂರು ರೊಟ್ಟಿ, ಎಂಟು ಮಂದಿ: ಭಿನ್ನರಾಶಿ ಮತ್ತು ದಶಮಾಂಶಗಳ ಲೆಕ್ಕ

ಕಳೆದ ದೀಪಾವಳಿಯ ರಜೆಯಲ್ಲಿ ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿರುವ ಆಪ್ತರ ಮನೆಗೆ ನಾವು ಹೋಗಿದ್ದೆವು. ಪಡಸಾಲೆಯಲ್ಲಿ ಐದನೆಯ ತರಗತಿಯ ಬಾಲಕಿಯೊಬ್ಬಳು ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಗಾಗಿ ಅಭ್ಯಾಸಪತ್ರಿಕೆಯೊಂದನ್ನು ಬಿಡಿಸುತ್ತ ಕುಳಿತಿದ್ದಳು. 3/8 ಎಂಬ ಭಿನ್ನರಾಶಿಯ ದಶಮಾಂಶ ರೂಪ ಯಾವುದೆಂಬುದು ಒಂದು ಪ್ರಶ್ನೆ. ಅದರ ಕೆಳಗೆ 3.8, 0.38, 0.375, 2.66 ಎಂಬ ನಾಲ್ಕು ಉತ್ತರಗಳನ್ನು ಕೊಟ್ಟಿದ್ದರು. ಬಾಲಕಿಯು "ಮೂರು ಬೈ ಎಂಟು, ಅಂದರ ಮೂರು ಪಾಯಿಂಟ್ ಎಂಟು" ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಮೊದಲನೆಯ ಉತ್ತರಕ್ಕೆ ಗುರುತು ಹಾಕಿದಳು.

ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿಯವರು ಮೊರವನ್ನು ಕೆಳಗಿಟ್ಟು, "ಅದೇನವ್ವಾ ಮೂರು ಬೈ ಎಂಟು ಅಂದ್ರ?" ಎಂದು ಕೇಳಿದರು. "ಮೂರನ್ನ ಎಂಟು ಪಾಲು ಮಾಡೋದು, ಆಯಿ" ಎಂದು ಮೊಮ್ಮಗಳು ಉತ್ತರಿಸಿದಳು. "ಹಂಗಾರ ಮೂರು ರೊಟ್ಟಿ ಎಂಟು ಮಂದಿಗೆ ಹಂಚಿದ್ರ ಒಬ್ಬೊಬ್ರಿಗೆ ಮೂರರ ಮ್ಯಾಲೆ ಹೆಂಗ ಬಂತವ್ವಾ? ಅರ್ಧ ರೊಟ್ಟಿನೂ ಸಿಗಾಂಗಿಲ್ಲಲ್ಲ!" ಎಂದರು ಆ ವೃದ್ಧೆ. ಬಾಲಕಿ ಒಂದು ಕ್ಷಣ ಸುಮ್ಮನಿದ್ದು, ನಕ್ಕು, ತಾನು ಹಾಕಿದ ಗುರುತನ್ನು ಅಳಿಸಿದಳು.

ಶಾಲೆಯ ಮೆಟ್ಟಿಲನ್ನೇ ಹತ್ತದ ಆ ತಾಯಿಯವರು ಕೇಳಿದ ಒಂದು ಪ್ರಶ್ನೆಯಲ್ಲಿ ಭಿನ್ನರಾಶಿಯ ತಿರುಳೆಲ್ಲವೂ ಅಡಗಿದೆಯೆಂದು ನಮಗೆ ತೋರಿತು. ಭಿನ್ನರಾಶಿಯೂ ದಶಮಾಂಶವೂ ಬೇರೆ ಬೇರೆ ಸಂಖ್ಯೆಗಳಲ್ಲ. ಒಂದೇ ಪ್ರಮಾಣವನ್ನು ಬರೆಯುವ ಎರಡು ಬಗೆಗಳು. ಈ ಅರ್ಥವು ಮನಸ್ಸಿನಲ್ಲಿ ನೆಲೆಗೊಂಡರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕ್ರಮವು ಕಠಿಣವಲ್ಲ. ಅರ್ಥವಿಲ್ಲದೆ ಕ್ರಮವನ್ನು ಮಾತ್ರ ಕಂಠಪಾಠ ಮಾಡಿದ ಮಗುವು ಪರೀಕ್ಷೆಯ ಅವಸರದಲ್ಲಿ ದಾರಿ ತಪ್ಪುತ್ತದೆ. ಈ ವಿಷಯವನ್ನು ನಮ್ಮ ಕುಟುಂಬಗಳ ತಂದೆತಾಯಿಗಳ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಒಂದೇ ಅವಕಾಶ, ಅರ್ಧ ಗಂಟೆಯ ಕಾಲ

ಜವಾಹರ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಬೆಳೆದುಬಂದ ವಸತಿ ಶಾಲೆಗಳು. ಆರನೆಯ ತರಗತಿಯ ಪ್ರವೇಶಕ್ಕೆ ಐದನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಇತ್ತೀಚಿನ ವರ್ಷಗಳ ಕ್ರಮದಂತೆ ಒಟ್ಟು 80 ಪ್ರಶ್ನೆಗಳು, 100 ಅಂಕಗಳು, ಎರಡು ಗಂಟೆಗಳ ಅವಧಿ. ಅದರಲ್ಲಿ ಅಂಕಗಣಿತಕ್ಕೆ 20 ಪ್ರಶ್ನೆಗಳು, 25 ಅಂಕಗಳು, ಅರ್ಧ ಗಂಟೆಯ ಕಾಲ. ಎಂದರೆ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ ಮಾತ್ರ. ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಒಂದು ಮಗುವು ಈ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವಂತಿಲ್ಲ.

ಈ ಪರೀಕ್ಷೆಯ ನಿಯಮಗಳೇ ಭಿನ್ನರಾಶಿಗಳ ಭಾಷೆಯಲ್ಲಿವೆ ಎಂಬುದನ್ನು ವಾಚಕರು ಗಮನಿಸಬೇಕು. ಪ್ರಶ್ನೆಯೊಂದಕ್ಕೆ 1.25 ಅಂಕ, ಅಂದರೆ ನಮ್ಮ ಮಾತಿನಲ್ಲಿ ಒಂದೂಕಾಲು. ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೆ, ಎಂದರೆ ಮುಕ್ಕಾಲು ಪಾಲು. 80 ಸ್ಥಾನಗಳಿದ್ದರೆ 60. ಕನಿಷ್ಠ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. 80ನ್ನು 3ರಿಂದ ಭಾಗಿಸಿದರೆ 26.66 ಎಂದು ಮುಗಿಯದೆ ಸಾಗುತ್ತದೆ. ಈ ಮುಗಿಯದಿರುವಿಕೆಯ ಸಂಗತಿಗೆ ನಾವು ಮುಂದೆ ಬರುತ್ತೇವೆ.

ಇಂಥ ಪರೀಕ್ಷೆಗಳಲ್ಲಿ ಕೊಡುವ ತಪ್ಪು ಉತ್ತರಗಳು ಮನಬಂದಂತೆ ಬರೆದವುಗಳಲ್ಲ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೇ ಆರಿಸಿ ಅಲ್ಲಿ ಇಟ್ಟಿರುತ್ತಾರೆ. ಮೇಲಿನ ಉದಾಹರಣೆಯಲ್ಲಿ ಗೆರೆಯನ್ನು ಚುಕ್ಕೆಯೆಂದು ತಿಳಿದವನಿಗೆ 3.8 ಸಿಗುತ್ತದೆ, ಭಾಗಾಕಾರವನ್ನು ತಲೆಕೆಳಗು ಮಾಡಿ 8ನ್ನು 3ರಿಂದ ಭಾಗಿಸಿದವನಿಗೆ 2.66 ಸಿಗುತ್ತದೆ. ತನ್ನ ಉತ್ತರವು ಪಟ್ಟಿಯಲ್ಲಿ ಇದೆಯೆಂಬ ಸಮಾಧಾನದಿಂದಲೇ ಮಗುವು ಮೋಸಹೋಗುತ್ತದೆ. ಆದಕಾರಣ ಲೆಕ್ಕಕ್ಕೆ ಕೈಹಾಕುವ ಮೊದಲು ಉತ್ತರವು ಎಷ್ಟರ ಆಸುಪಾಸಿನಲ್ಲಿರಬೇಕೆಂದು ಅಂದಾಜು ಮಾಡುವ ಅಭ್ಯಾಸವೇ ಮೊದಲ ರಕ್ಷಣೆ. 3/8 ಅರ್ಧಕ್ಕಿಂತ ಕಡಿಮೆ, ಕಾಲಿಗಿಂತ ಹೆಚ್ಚು. ಇಷ್ಟು ತಿಳಿದರೆ ನಾಲ್ಕರಲ್ಲಿ ಎರಡು ಉತ್ತರಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮನೆಯಲ್ಲಿಯೇ ಇರುವ ಗಣಿತ

ಕನ್ನಡ ನಾಡಿಗೆ ಭಿನ್ನರಾಶಿ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ, 9ನೆಯ ಶತಮಾನದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳನ್ನು ಬಹು ವಿಸ್ತಾರವಾಗಿ ವಿವರಿಸಿದ್ದಾರೆ. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಜನರ ಬಾಯಿಯಲ್ಲಂತೂ ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ ಎಂಬ ಮಾತುಗಳು ತಲೆತಲಾಂತರದಿಂದ ಉಳಿದುಬಂದಿವೆ. ಅರೆಕಾಲು ಎಂದರೆ ಎಂಟರಲ್ಲೊಂದು, ವೀಸ ಎಂದರೆ ಹದಿನಾರರಲ್ಲೊಂದು.

ನಮ್ಮ ಹಿರಿಯರಿಗೆ ರೂಪಾಯಿಗೆ ಹದಿನಾರು ಆಣೆಯ ಲೆಕ್ಕ ಚೆನ್ನಾಗಿ ನೆನಪಿರುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಅಂದು ಇಡೀ ದೇಶವೇ ಭಿನ್ನರಾಶಿಯಿಂದ ದಶಮಾಂಶಕ್ಕೆ ಬದಲಾಯಿಸುವ ಪಾಠವನ್ನು ಸಂತೆಯಲ್ಲಿ ಕಲಿಯಬೇಕಾಯಿತು. ಎಂಟಾಣೆಗೆ 50, ನಾಲ್ಕಾಣೆಗೆ 25 ಎಂಬುದು ಸರಿಯಾಗಿ ಹೊಂದಿತು. ಆದರೆ ಒಂದಾಣೆಯೆಂದರೆ ಆರೂಕಾಲು ಪೈಸೆ. ಏಕೆಂದರೆ 1/16 ಎಂಬುದು 0.0625. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಹತ್ತಿರದ ಪೂರ್ಣಸಂಖ್ಯೆಯನ್ನು ಹಿಡಿಯಲಾಯಿತು. 25 ಪೈಸೆಯ ನಾಣ್ಯವು 2011ರಲ್ಲಿ ಚಲಾವಣೆಯಿಂದ ಹೋಯಿತಾದರೂ ನಾಲ್ಕಾಣೆಯೆಂಬ ಮಾತು ಹೋಗಿಲ್ಲ.

ಇಂದಿನ ಮಕ್ಕಳಿಗೆ ಆಣೆ ತಿಳಿಯದಿದ್ದರೂ ಕಿರಾಣಿ ಅಂಗಡಿಯ ವಿದ್ಯುತ್ ತಕ್ಕಡಿ ತಿಳಿದಿದೆ. ಮುಕ್ಕಾಲು ಕಿಲೋ ತೊಗರಿಬೇಳೆ ಕೇಳಿದರೆ ಅದರ ಗಾಜಿನ ಮೇಲೆ 0.750 ಎಂದು ಮೂಡುತ್ತದೆ. ನಾಲಿಗೆಯು ಭಿನ್ನರಾಶಿಯನ್ನು ಹೇಳುತ್ತದೆ, ತಕ್ಕಡಿಯು ದಶಮಾಂಶವನ್ನು ತೋರಿಸುತ್ತದೆ, ಬೇಳೆ ಒಂದೇ. ಮಗುವನ್ನು ಅಂಗಡಿಗೆ ಕರೆದೊಯ್ದು ಇದನ್ನು ತೋರಿಸುವುದು ಹತ್ತು ಪುಟಗಳ ಲೆಕ್ಕಕ್ಕೆ ಸಮಾನವೆಂಬುದು ನಮ್ಮ ಅನುಭವ.

ಭಿನ್ನರಾಶಿಯಿಂದ ದಶಮಾಂಶಕ್ಕೆ

ಇದಕ್ಕೆ ಎರಡು ದಾರಿಗಳುಂಟು. ಮೊದಲನೆಯದು ಎಲ್ಲ ಕಾಲಕ್ಕೂ ನಡೆಯುವ ರಾಜಮಾರ್ಗ: ಮೇಲಿರುವ ಅಂಶವನ್ನು ಕೆಳಗಿರುವ ಛೇದದಿಂದ ಭಾಗಿಸುವುದು. 3/8ರಲ್ಲಿ 3ರೊಳಗೆ 8 ಹೋಗದು. ಆದಕಾರಣ ಸೊನ್ನೆ ಬರೆದು ಚುಕ್ಕೆಯಿಡಬೇಕು. 3 ಬಿಡಿಗಳೆಂದರೆ 30 ಹತ್ತನೆಯ ಭಾಗಗಳು. 30ರಲ್ಲಿ 8 ಮೂರು ಸಲ ಹೋಗಿ 6 ಉಳಿಯುತ್ತದೆ. ಆ 6 ಈಗ 60 ನೂರನೆಯ ಭಾಗಗಳಾಗುತ್ತವೆ. 8 ಏಳು ಸಲ ಹೋಗಿ 4 ಉಳಿಯುತ್ತದೆ. ಅದು 40 ಸಾವಿರದ ಭಾಗಗಳಾಗಿ 8 ಐದು ಸಲ ಸರಿಯಾಗಿ ಹೋಗುತ್ತದೆ. ಉತ್ತರ 0.375. ಶೇಷಕ್ಕೆ ಏಕೆ ಸೊನ್ನೆ ಸೇರಿಸುತ್ತೇವೆಂಬುದನ್ನು ಮಗುವಿಗೆ ಹೀಗೆ ಬಿಡಿಸಿ ಹೇಳಿದರೆ ಚುಕ್ಕೆಯು ಎಲ್ಲಿ ಬರಬೇಕೆಂಬ ಗೊಂದಲ ಉಳಿಯುವುದಿಲ್ಲ.

ಎರಡನೆಯದು ಸಮಯ ಉಳಿಸುವ ಒಳದಾರಿ: ಛೇದವನ್ನು 10, 100 ಅಥವಾ 1000 ಆಗುವಂತೆ ಗುಣಿಸಿ, ಅಂಶವನ್ನೂ ಅದರಿಂದಲೇ ಗುಣಿಸುವುದು. 7/20ರಲ್ಲಿ ಮೇಲೆ ಕೆಳಗೆ 5ರಿಂದ ಗುಣಿಸಿದರೆ 35/100, ಎಂದರೆ 0.35. 11/25ರಲ್ಲಿ 4ರಿಂದ ಗುಣಿಸಿದರೆ 44/100, ಎಂದರೆ 0.44. 13/40ರಲ್ಲಿ 25ರಿಂದ ಗುಣಿಸಿದರೆ 325/1000, ಎಂದರೆ 0.325. ಛೇದವು 2, 4, 5, 8, 20, 25, 40, 50, 125 ಇವುಗಳಲ್ಲಿ ಒಂದಾಗಿದ್ದರೆ ಈ ದಾರಿಯೇ ಹತ್ತಿರದ್ದು. ಮಿಶ್ರ ಭಿನ್ನರಾಶಿಯಾದರೆ ಪೂರ್ಣಾಂಕವನ್ನು ಹಾಗೆಯೇ ಎಡಕ್ಕೆ ಇಟ್ಟು ಉಳಿದ ಭಾಗವನ್ನು ಮಾತ್ರ ಬದಲಾಯಿಸಿದರಾಯಿತು.

ಹೋಲಿಕೆಯ ಪ್ರಶ್ನೆಗಳಲ್ಲಿ ಈ ಬದಲಾವಣೆಯ ನಿಜವಾದ ಪ್ರಯೋಜನ ಕಾಣುತ್ತದೆ. 2/3, 3/5, 5/8 ಇವುಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕಾದರೆ ಮೂರೂ ಛೇದಗಳನ್ನು 120ಕ್ಕೆ ತರುವ ಬದಲು 0.666, 0.600, 0.625 ಎಂದು ಬರೆದುಕೊಂಡರೆ ಕ್ರಮವು ಕಣ್ಣಿಗೇ ಕಾಣುತ್ತದೆ: 2/3, 5/8, 3/5. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಬಹಳಷ್ಟು ಮಕ್ಕಳು 0.25 ಎಂಬುದು 0.5ಕ್ಕಿಂತ ದೊಡ್ಡದೆಂದು ಹೇಳುತ್ತಾರೆ, 25 ಎಂಬುದು 5ಕ್ಕಿಂತ ದೊಡ್ಡದಲ್ಲವೇ ಎಂಬುದು ಅವರ ತರ್ಕ. ಚುಕ್ಕೆಯ ಬಲಕ್ಕೆ ಸ್ಥಾನಗಳನ್ನು ಸಮ ಮಾಡಿ 0.25, 0.50 ಎಂದು ಬರೆಯಿಸಿದರೆ ಭ್ರಮೆ ಅಳಿಯುತ್ತದೆ. ನಾಲ್ಕಾಣೆ ದೊಡ್ಡದೋ ಎಂಟಾಣೆ ದೊಡ್ಡದೋ ಎಂದು ಅಜ್ಜನವರು ಕೇಳಿದರೂ ಸಾಕು.

ಮುಗಿಯದ ಭಾಗಾಕಾರ

1ನ್ನು 3ರಿಂದ ಭಾಗಿಸತೊಡಗಿದರೆ ಪ್ರತಿ ಸಲವೂ 1 ಉಳಿಯುತ್ತದೆ, ಉತ್ತರವು 0.333 ಎಂದು ಕೊನೆಯಿಲ್ಲದೆ ಸಾಗುತ್ತದೆ. ಇದನ್ನು ಆವರ್ತ ದಶಮಾಂಶವೆನ್ನುತ್ತಾರೆ. ಯಾವ ಭಿನ್ನರಾಶಿ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂಬುದನ್ನು ಭಾಗಿಸದೆಯೇ ಹೇಳಬಹುದು. ಭಿನ್ನರಾಶಿಯನ್ನು ಸಂಕ್ಷೇಪಗೊಳಿಸಿದ ಮೇಲೆ ಛೇದದ ಅಪವರ್ತನಗಳಲ್ಲಿ 2 ಮತ್ತು 5 ಎಂಬ ಅವಿಭಾಜ್ಯ ಸಂಖ್ಯೆಗಳು ಮಾತ್ರ ಇದ್ದರೆ ಅದು ಮುಗಿಯುತ್ತದೆ. ಬೇರೊಂದು ಸೇರಿದ್ದರೆ ಮುಗಿಯುವುದಿಲ್ಲ. ಕಾರಣವೂ ಸರಳ: ನಮ್ಮ ಎಣಿಕೆಯ ಆಧಾರವಾದ 10 ಎಂಬುದು 2 ಮತ್ತು 5ರ ಗುಣಲಬ್ಧ. ಎಷ್ಟೇ ಸೊನ್ನೆ ಸೇರಿಸಿದರೂ 10, 100, 1000 ಇವುಗಳನ್ನು 3 ಸರಿಯಾಗಿ ಭಾಗಿಸದು. ಆದರೆ ಸಂಕ್ಷೇಪಗೊಳಿಸುವುದನ್ನು ಮರೆಯಬಾರದು. 6/15ರ ಛೇದದಲ್ಲಿ 3 ಇದೆಯೆಂದು ಅದನ್ನು ಆವರ್ತವೆಂದರೆ ತಪ್ಪಾಗುತ್ತದೆ. ಅದು 2/5, ಎಂದರೆ 0.4.

7ರಿಂದ ಭಾಗಿಸುವಾಗ ಒಂದು ಸೊಗಸನ್ನು ಮಕ್ಕಳಿಗೆ ತೋರಿಸಬಹುದು. 1/7 ಎಂಬುದು 0.142857, ಮತ್ತೆ 142857 ಎಂದು ತಿರುಗುತ್ತದೆ. 2/7 ಎಂಬುದು 0.285714, ಅಂಕಿಗಳು ಅವೇ, ಆರಂಭ ಮಾತ್ರ ಬೇರೆ. 7ರಿಂದ ಭಾಗಿಸಿದಾಗ ಉಳಿಯಬಹುದಾದ ಶೇಷಗಳು 1ರಿಂದ 6ರವರೆಗೆ ಆರೇ ಆದ್ದರಿಂದ ಆರು ಹೆಜ್ಜೆಗಳೊಳಗೆ ಹಳೆಯ ಶೇಷವು ಮರಳಿ ಬರಲೇಬೇಕು. ಇಷ್ಟನ್ನು ಅರಿತ ಮಗುವು ಆವರ್ತ ದಶಮಾಂಶಕ್ಕೆ ಅಂಜುವುದಿಲ್ಲ.

0.33 ಎಂಬುದು 1/3ಕ್ಕೆ ಹತ್ತಿರದ್ದೇ ಹೊರತು ಅದೇ ಅಲ್ಲ. ಮೂರು 0.33 ಕೂಡಿದರೆ 0.99 ಆಗುತ್ತದೆ, 1 ಆಗುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳು ಕಾಲೇಜು ಪ್ರವೇಶಕ್ಕಾಗಿ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಉತ್ತರವನ್ನು ತಾವೇ ತುಂಬಬೇಕಾದ ಪ್ರಶ್ನೆಗಳಿರುತ್ತವೆ. ಅಲ್ಲಿ ಉತ್ತರವು 2/3 ಆಗಿದ್ದರೆ 2/3 ಎಂದೇ ಬರೆಯಬಹುದು, 0.666 ಅಥವಾ 0.667 ಎಂದೂ ಬರೆಯಬಹುದು; ಆದರೆ 0.66 ಎಂದು ಬರೆದರೆ ಅಂಕವಿಲ್ಲ. ಹಾಗೆಯೇ ಮೂರೂವರೆಯನ್ನು ಮಿಶ್ರ ಭಿನ್ನರಾಶಿಯಾಗಿ ತುಂಬುವಂತಿಲ್ಲ; 7/2 ಅಥವಾ 3.5 ಎಂದೇ ಬರೆಯಬೇಕು. ಆದುದರಿಂದ ಲೆಕ್ಕದ ನಡುವೆ ಭಿನ್ನರಾಶಿಯಾಗಿಯೇ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ದಶಮಾಂಶಕ್ಕೆ ಬದಲಾಯಿಸುವುದು ಎಲ್ಲ ಪರೀಕ್ಷೆಗಳಿಗೂ ಒಪ್ಪುವ ವಿವೇಕ.

ದಶಮಾಂಶದಿಂದ ಭಿನ್ನರಾಶಿಗೆ

ಮುಗಿಯುವ ದಶಮಾಂಶವನ್ನು ಭಿನ್ನರಾಶಿಯಾಗಿಸಲು ಚುಕ್ಕೆಯ ಬಲಕ್ಕೆ ಎಷ್ಟು ಅಂಕಿಗಳಿವೆಯೆಂದು ಎಣಿಸಿ, 1ರ ಮುಂದೆ ಅಷ್ಟೇ ಸೊನ್ನೆಗಳನ್ನಿಟ್ಟು ಛೇದವಾಗಿ ಬರೆಯಬೇಕು, ಬಳಿಕ ಸಂಕ್ಷೇಪಗೊಳಿಸಬೇಕು. 0.35 ಎಂದರೆ 35/100, ಎಂದರೆ 7/20. 0.035 ಎಂದರೆ 35/1000, ಎಂದರೆ 7/200. ನಡುವಿನ ಒಂದು ಸೊನ್ನೆಯನ್ನು ಅಲಕ್ಷಿಸಿದರೆ ಉತ್ತರವು ಹತ್ತು ಪಟ್ಟು ಬದಲಾಗುತ್ತದೆ. 2.625 ಎಂದರೆ ಎರಡರ ಮೇಲೆ 625/1000, ಎಂದರೆ ಎರಡು ಪೂರ್ಣ 5/8. ವಿಷಮ ಭಿನ್ನರಾಶಿಯಾಗಿ 21/8.

ಆವರ್ತ ದಶಮಾಂಶವನ್ನು ಭಿನ್ನರಾಶಿಯಾಗಿಸುವ ಕ್ರಮವು ಒಂಬತ್ತನೆಯ ತರಗತಿಯ ಪಾಠ. ಅದರ ಯುಕ್ತಿ ಬಹಳ ಚೆಲುವಾದುದು. 0.777 ಎಂದು ಸಾಗುವ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೆ 7.777 ಎಂದು ಸಾಗುತ್ತದೆ. ಹತ್ತು ಪಟ್ಟಿನಿಂದ ಒಂದು ಪಟ್ಟನ್ನು ಕಳೆದರೆ ಚುಕ್ಕೆಯ ಬಲಕ್ಕಿರುವ ಕೊನೆಯಿಲ್ಲದ ಸಾಲು ಪೂರ್ತಿಯಾಗಿ ಅಳಿದುಹೋಗಿ 7 ಮಾತ್ರ ಉಳಿಯುತ್ತದೆ. ಒಂಬತ್ತು ಪಟ್ಟು 7 ಆದರೆ ಮೂಲ ಸಂಖ್ಯೆ 7/9. ಎರಡು ಅಂಕಿಗಳು ತಿರುಗುತ್ತಿದ್ದರೆ ನೂರು ಪಟ್ಟು ಮಾಡಬೇಕು: 0.2727 ಎಂದು ಸಾಗುವುದು 27/99, ಎಂದರೆ 3/11.

ಬಾಯಿಗೆ ಬರಬೇಕಾದವು

ಅರ್ಥ ತಿಳಿದ ಮೇಲೆ ಕೆಲವನ್ನು ಮಗ್ಗಿಯಂತೆ ಬಾಯಿಗೆ ತಂದುಕೊಳ್ಳುವುದು ಹಿತಕರ. ಅರ್ಧವನ್ನು ಅರ್ಧ ಮಾಡುತ್ತ ಹೋದರೆ ಒಂದು ಸಾಲು ದೊರೆಯುತ್ತದೆ:

1/2 = 0.5
1/4 = 0.25
1/8 = 0.125
1/16 = 0.0625

ಇನ್ನೊಂದು ಸಾಲು ಐದರದು:

1/5 = 0.2
1/20 = 0.05
1/25 = 0.04
1/40 = 0.025

ಮುಗಿಯದವುಗಳಲ್ಲಿ 1/3 = 0.333, 1/6 = 0.1666, 1/9 = 0.111, 1/11 = 0.0909 ಇಷ್ಟು ಸಾಕು. ಉಳಿದವು ಇವುಗಳ ಗುಣಾಕಾರದಿಂದಲೇ ಬರುತ್ತವೆ. 5/8 ಬೇಕಾದರೆ 0.125ನ್ನು ಐದು ಸಲ ಕೂಡಿದರೆ 0.625.

ದಶಮಾಂಶವಲ್ಲದ ಚುಕ್ಕೆಗಳು

ನಮ್ಮ ಸುತ್ತಲಿನ ಎಲ್ಲ ಚುಕ್ಕೆಗಳೂ ದಶಮಾಂಶದ ಚುಕ್ಕೆಗಳಲ್ಲವೆಂಬುದನ್ನು ಮಕ್ಕಳಿಗೂ ದೊಡ್ಡವರಿಗೂ ತಿಳಿಸಬೇಕಾಗಿದೆ. ಗಡಿಯಾರದ 1.30 ಎಂದರೆ ಒಂದೂವರೆ, ದಶಮಾಂಶದಲ್ಲಿ 1.5. ಕ್ರಿಕೆಟ್ಟಿನಲ್ಲಿ 18.3 ಓವರ್ ಎಂದರೆ ಹದಿನೆಂಟು ಓವರಿನ ಮೇಲೆ ಮೂರು ಎಸೆತಗಳು. ಓವರಿಗೆ ಆರು ಎಸೆತಗಳಾದ್ದರಿಂದ ಅದು 18.5. ಆಗ ತಂಡವು 148 ಓಟ ಗಳಿಸಿದ್ದರೆ ಸರಾಸರಿ ಓವರಿಗೆ ಸರಿಯಾಗಿ 8. ಆಟದ ಹುಚ್ಚಿರುವ ಹುಡುಗನಿಗೆ ಈ ಲೆಕ್ಕವನ್ನು ಕೊಟ್ಟರೆ ಗಣಿತ ಬೇಸರವೆನಿಸದು.

ಒಕ್ಕಲುತನದ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಪಹಣಿಯಲ್ಲಿ 2.10 ಎಂದು ವಿಸ್ತೀರ್ಣ ಬರೆದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ 10/40 ಎಂಬುದು ಕಾಲು ಎಕರೆ, ಹೊಲವು 2.25 ಎಕರೆ, 2.1 ಎಕರೆಯಲ್ಲ. ಎಕರೆಗೆ 20 ಲಕ್ಷ ರೂಪಾಯಿಯಂತೆ ಮಾರಾಟವಾದರೆ ಸರಿಯಾದ ಲೆಕ್ಕಕ್ಕೆ 45 ಲಕ್ಷ ಬರಬೇಕು. ಗಣಕಯಂತ್ರದಲ್ಲಿ 2.10 ಎಂದು ಒತ್ತಿ ಗುಣಿಸಿದರೆ 42 ಲಕ್ಷವೇ ಬರುತ್ತದೆ. ಒಂದು ಚುಕ್ಕೆಯ ಅರ್ಥ ತಿಳಿಯದಿದ್ದರೆ ಮೂರು ಲಕ್ಷ ರೂಪಾಯಿ ಕೈಬಿಡುತ್ತದೆ. ಔಷಧದ ವಿಷಯದಲ್ಲಂತೂ ಹಣಕ್ಕಿಂತ ಮಿಗಿಲಾದುದು ಕೈಬಿಡಬಹುದು. 0.5 ಮಿಲಿಗ್ರಾಂ ಎಂಬುದನ್ನು 5 ಎಂದು ಓದಿದರೆ ಮದ್ದು ಹತ್ತು ಪಟ್ಟಾಗುತ್ತದೆ. ಚುಕ್ಕೆಯ ಮುಂದೆ ಸೊನ್ನೆಯನ್ನು ತಪ್ಪದೆ ಬರೆಯಬೇಕೆಂಬ ನಿಯಮವು ಇದಕ್ಕಾಗಿಯೇ ಇದೆ. ಮಕ್ಕಳಿಗೆ ಅದನ್ನು ಮೊದಲಿನಿಂದಲೇ ರೂಢಿ ಮಾಡಿಸುವುದೊಳ್ಳೆಯದು.

ತಂದೆತಾಯಿಗಳಲ್ಲಿ ವಿನಂತಿ

"ನಮಗೆ ಗಣಿತ ಬಾರದು, ನಾವೇನು ಹೇಳಿಕೊಡಬಲ್ಲೆವು?" ಎಂದು ಅನೇಕ ತಾಯಂದಿರು ನಮ್ಮೊಡನೆ ಹೇಳಿದ್ದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಎಂಟು ಮಂದಿಗೆ ರೊಟ್ಟಿ ಹಂಚಿದವರು, ಕಾಲು ಕಿಲೋ ಬೆಲ್ಲ ತೂಗಿಸಿ ತಂದವರು, ಐದು ಮಿಲಿಲೀಟರಿನ ಚಮಚೆಯಲ್ಲಿ ಅರ್ಧ ಅಳೆದು ಮಗುವಿಗೆ ಔಷಧ ಕುಡಿಸಿದವರು ಗಣಿತ ಬಲ್ಲವರೇ. ಭಾಗಾಕಾರದ ಕ್ರಮವನ್ನು ಶಿಕ್ಷಕರು ಕಲಿಸುತ್ತಾರೆ. ಮನೆಯಲ್ಲಿ ನಾವು ಮಾಡಬೇಕಾದುದು ಇಷ್ಟೇ: ಮಗುವು ಉತ್ತರ ಬರೆದಾಗ, "ಇದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳುವುದು, ದಿನಕ್ಕೆ ನಾಲ್ಕೈದು ಲೆಕ್ಕಗಳನ್ನು ಮಾತ್ರ, ಆದರೆ ತಪ್ಪದೆ ಮಾಡಿಸುವುದು, ಗಡಿಯಾರವಿಟ್ಟು ಮಾಡಿಸುವುದನ್ನು ಪರೀಕ್ಷೆಗೆ ತಿಂಗಳಿರುವಾಗ ಆರಂಭಿಸುವುದು, ತಪ್ಪಾದಾಗ ಗದರಿಸದೆ, ಅದು ಯಾವ ಬಗೆಯ ತಪ್ಪೆಂದು ಜೊತೆಯಲ್ಲಿ ಕುಳಿತು ನೋಡುವುದು.

ಒಂದು ಶಾಲೆಯಲ್ಲಿ ಗರಿಷ್ಠ 80 ಸ್ಥಾನಗಳು. ಬರೆಯುವ ಮಕ್ಕಳು ಅದಕ್ಕಿಂತ ಬಹಳ ಹೆಚ್ಚು. ಎಲ್ಲರಿಗೂ ಸ್ಥಾನ ದೊರೆಯಲಾರದು, ಮತ್ತು ದೊರೆಯದಿದ್ದರೆ ಮಗುವು ಕುಗ್ಗಬೇಕಾದ ಕಾರಣವಿಲ್ಲ. ಈ ಲೆಕ್ಕವು ಮುಂದೆ ಎಂಟನೆಯ ತರಗತಿಯ ವಿದ್ಯಾರ್ಥಿವೇತನದ ಪರೀಕ್ಷೆಗೂ ಬೇಕು, ಬ್ಯಾಂಕಿನ ನೇಮಕಾತಿ ಪರೀಕ್ಷೆಗೂ ಬೇಕು, ಹೊಲದ ವ್ಯವಹಾರಕ್ಕೂ ಬೇಕು. ಪರೀಕ್ಷೆ ಒಂದು ದಿನದ್ದು. ಕಲಿತದ್ದು ಬಾಳಿನುದ್ದಕ್ಕೂ ಬರುವಂಥದು.

ನಾವು ಆ ಹಳ್ಳಿಯಿಂದ ಹೊರಡುವ ದಿನ ಬಾಲಕಿಯು ಅಡುಗೆಮನೆಯಲ್ಲಿ ಅಜ್ಜಿಯ ಎದುರು ಕುಳಿತು, "ಆಯಿ, ಐದು ರೊಟ್ಟಿ ಎಂಟು ಮಂದಿಗೆ ಹಂಚಿದ್ರ?" ಎಂದು ಕೇಳುತ್ತಿದ್ದಳು. "ಅರ್ಧಕ್ಕಿಂತ ಚೂರು ಜಾಸ್ತಿ" ಎಂದರು ಅಜ್ಜಿ, ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ. "ಸೊನ್ನೆ ಪಾಯಿಂಟ್ ಆರು ಎರಡು ಐದು" ಎಂದಳು ಮೊಮ್ಮಗಳು. ಇಬ್ಬರ ಉತ್ತರವೂ ಸರಿಯಾಗಿತ್ತು.